ಬೆಳ್ಳಕ್ಕಿಯಲ್ಲಿ ಅಕ್ಕಿಯಿಲ್ಲ

ಶಬ್ದಗಳ ಮೂಲವನ್ನು ಹುಡುಕುವ ಅಭಿರುಚಿಯು ವಿದ್ಯಾವಂತರ ಮನೆಗಳಲ್ಲಿ ಹಬ್ಬುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಕಿವಿಗೆ ಒಂದೇ ತೆರನಾಗಿ ಕೇಳಿಸಿದ ಎರಡು ಮಾತುಗಳನ್ನು ತಂದು ಗಂಟುಹಾಕಿ, ಇದೇ ವ್ಯುತ್ಪತ್ತಿಯೆಂದು ಸಾರಿಬಿಡುವ ಚಪಲವೂ ಅದರ ಬೆನ್ನಿಗೇ ಹಬ್ಬುತ್ತಿರುವುದು ಸಂತೋಷದ ಸಂಗತಿಯಲ್ಲ. ಈ ಚಪಲಕ್ಕೆ ತುತ್ತಾದ ಶಬ್ದಗಳಲ್ಲಿ ‘ಬೆಳ್ಳಕ್ಕಿ’ಯೂ ಒಂದು.

ಸಿಂಧನೂರು ತಾಲ್ಲೂಕಿನ ಸಾಲಗುಂದದ ಸುತ್ತಣ ಗದ್ದೆಗಳಲ್ಲಿ ಬೆಳ್ಳಕ್ಕಿಯನ್ನು ಕಾಣದ ಮಗುವಿಲ್ಲ. ನೀರು ಹರಿದು ಮಣ್ಣು ಕೆಸರಾದೊಡನೆ ಇವು ಹಿಂಡುಗಟ್ಟಿ ಇಳಿಯುವುವು. ಹಿಂದೆ ನೇಗಿಲನ್ನು ಹಿಂಬಾಲಿಸಿದಂತೆಯೇ ಈಗ ಟ್ರ್ಯಾಕ್ಟರನ್ನೂ ಹಿಂಬಾಲಿಸುವುವು. ಸಂಜೆಯಾಗುತ್ತಲೆ ಸಾಲುಗಟ್ಟಿ ಹಾರಿ ಮರ ಸೇರುವುವು. ಗದ್ದೆಯನ್ನೂ ಹಕ್ಕಿಯನ್ನೂ ಒಟ್ಟಿಗೆ ಕಂಡ ಕೆಲವರು, ‘ಬೆಳ್ಳಕ್ಕಿಯೆಂದರೆ ಬಿಳಿಯ ಅಕ್ಕಿ; ಅಕ್ಕಿಯಂತೆ ಬೆಳ್ಳಗಿರುವುದರಿಂದಲೋ, ಅಕ್ಕಿ ಬೆಳೆಯುವಲ್ಲಿ ಇರುವುದರಿಂದಲೋ ಈ ಹೆಸರು ಬಂದಿತು’ ಎನ್ನುವರು. ಮತ್ತೆ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ತುಂಗಭದ್ರೆಯ ಕಾಲುವೆ ಬರುವುದಕ್ಕೆ ಮೊದಲು ಈ ಎರೆಯ ಸೀಮೆಯಲ್ಲಿ ಭತ್ತವೆಲ್ಲಿತ್ತು? ಭತ್ತವಿಲ್ಲದ ಮೇಲೆ ಹಕ್ಕಿಯೆಲ್ಲಿತ್ತು? ಹಕ್ಕಿಯೂ ಹೆಸರೂ ಕಾಲುವೆಯ ಸಂಗಡವೇ ಬಂದುವು’ ಎನ್ನುವರು. ಮೊದಲನೆಯದು ವ್ಯಾಕರಣದ ತಪ್ಪು. ಎರಡನೆಯದು ಚರಿತ್ರೆಯ ತಪ್ಪು. ಮೊದಲನೆಯದನ್ನು ಕೇಳಿ ನಕ್ಕು ಸುಮ್ಮನಾಗಬಹುದು. ಎರಡನೆಯದನ್ನು ಕೇಳಿ ಸುಮ್ಮನಿರುವುದು ಸಲ್ಲದು. ಏಕೆಂದರೆ, ಒಂದು ಸೀಮೆಯ ಜನರ ನೆನಪೆಲ್ಲವೂ ಒಂದು ಅಣೆಕಟ್ಟಿನಿಂದ ಈಚೆಗೆ ಮಾತ್ರ ಆರಂಭವಾಯಿತೆಂದು ಹೇಳುವುದಕ್ಕೆ ಪಾಪದ ಹಕ್ಕಿಯೊಂದನ್ನು ಸಾಕ್ಷಿಗೆ ಎಳೆದು ತಂದಂತಾಗುವುದು.

ಮೊದಲು ಹಕ್ಕಿಯನ್ನೇ ವಿಚಾರಿಸಬೇಕು. ಬೆಳ್ಳಕ್ಕಿಯು ಕಾಳು ತಿನ್ನುವ ಹಕ್ಕಿಯಲ್ಲ. ಮಿಡತೆ, ಹುಳು, ಕಪ್ಪೆ, ಮೀನು, ಏಡಿ ಇವೇ ಅದರ ಆಹಾರ. ತೆನೆಗೆ ಬಾಯಿ ಹಾಕುವುವು ಗುಬ್ಬಿ, ಗೀಜಗ, ಗಿಳಿ, ಬೆಳವಗಳು. ರೈತನು ಕವಣೆ ಬೀಸುವುದು ಅವುಗಳ ಮೇಲೆ, ಬೆಳ್ಳಕ್ಕಿಯ ಮೇಲೆ ಅಲ್ಲ. ಅಕ್ಕಿಯನ್ನು ಮುಟ್ಟದ ಹಕ್ಕಿಗೆ ಅಕ್ಕಿಯ ಹೆಸರನ್ನು ಕಟ್ಟುವಷ್ಟು ಅವಿವೇಕಿಗಳು ಹಳ್ಳಿಯ ಹಿರಿಯರಾಗಿರಲಿಲ್ಲ. ಮೇಲಾಗಿ ಗದ್ದೆಯಲ್ಲಿ ಅಕ್ಕಿಯಿರುವುದೂ ಇಲ್ಲ. ಅಲ್ಲಿರುವುದು ನೆಲ್ಲು. ನೆಲ್ಲು ಕುಟ್ಟಿಸಿಕೊಂಡ ಮೇಲೆ, ಅಥವಾ ಈಗಿನಂತೆ ಗಿರಣಿಗೆ ಹೋಗಿ ಬಂದ ಮೇಲೆ ಅಕ್ಕಿಯಾಗುವುದು. ಪೈರಿನಿಂದ ಹೆಸರು ಬಂದಿದ್ದ ಪಕ್ಷದಲ್ಲಿ ಅದು ‘ನೆಲ್ಲಕ್ಕಿ’ಯಾಗಬೇಕಾಗಿತ್ತು. ಹಾಗೆ ಕರೆದವರು ಯಾರೂ ಇಲ್ಲ.

ಇನ್ನು ಸಮಾಸದ ವಿಚಾರ. ಕನ್ನಡದ ಇಂತಹ ಸಮಾಸದಲ್ಲಿ ಉತ್ತರಪದವೇ ಪ್ರಧಾನ. ಬೆಳ್ಳುಳ್ಳಿಯು ಉಳ್ಳಿಯೇ; ಹೊಂಬಾಳೆಯು ಹಾಳೆಯೇ ಹೊರತು ಹೊನ್ನಲ್ಲ. ಅದರಂತೆ ‘ಬೆಳ್’ ಎಂಬುದಕ್ಕೆ ‘ಅಕ್ಕಿ’ಯೆಂಬ ಧಾನ್ಯವಾಚಕವು ಸೇರಿದರೆ ಹುಟ್ಟುವುದು ಒಂದು ಬಗೆಯ ಅಕ್ಕಿ, ಅದನ್ನು ಒಲೆಯ ಮೇಲೆ ಇಡಬಹುದು, ಆಕಾಶದಲ್ಲಿ ಹಾರಿಸಲಾಗದು. ಹಕ್ಕಿಯ ಹೆಸರಿನಲ್ಲಿ ಹಕ್ಕಿಯೇ ಇರಬೇಕು. ಬೆಳ್ಳಕ್ಕಿಯಲ್ಲಿ ಅದು ಇದೆ. ಅದರ ತಲೆಯ ಮೇಲಣ ಹಕಾರ ಒಂದು ಮಾತ್ರ ಜಾರಿದೆ. ಬುಡಬುಡಿಕೆಯವರು ಶಕುನ ನುಡಿಯುವಾಗ ಹೆಸರಿಸುವ ‘ಹಾಲಕ್ಕಿ’ಯೆಂಬ ಚಿಕ್ಕ ಗೂಬೆಯಲ್ಲಿಯೂ ಹೀಗೆಯೇ ಹಕಾರ ಜಾರಿರುವುದನ್ನು ವಾಚಕರು ನೆನೆಯಬಹುದು.

ಈ ಹಕಾರದ ಕಥೆಯೇ ವಿಷಯದ ತಿರುಳು. ‘ಹಕ್ಕಿ’ಯ ಹಳಗನ್ನಡ ರೂಪವು ‘ಪಕ್ಕಿ’. ಪದದ ಮೊದಲಿನಲ್ಲಿದ್ದ ಪಕಾರವು ಕನ್ನಡದಲ್ಲಿ ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ ಕ್ರಮಕ್ರಮವಾಗಿ ಹಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೊಲ ಹೊಲವಾಯಿತು, ಪೂ ಹೂವಾಯಿತು. ರಾಯಚೂರು ಜಿಲ್ಲೆಯವರಿಗೆ ಇದನ್ನು ಗ್ರಂಥ ತೆರೆದು ತೋರಿಸಬೇಕಾದ ಅಗತ್ಯವಿಲ್ಲ. ನೆರೆಮನೆಯ ತೆಲುಗರು ಇಂದಿಗೂ ‘ಪಾಲು’, ‘ಪುಲಿ’ ಎನ್ನುವುದನ್ನೂ ಕನ್ನಡಿಗರು ‘ಹಾಲು’, ‘ಹುಲಿ’ ಎನ್ನುವುದನ್ನೂ ಅವರು ದಿನವೂ ಕೇಳುತ್ತಿರುವರು. ಅಕ್ಕಿಯ ಸಂಗತಿ ಬೇರೆ. ಧಾನ್ಯವಾಚಕವಾದ ‘ಅಕ್ಕಿ’ಗೆ ಹಳಗನ್ನಡದಲ್ಲಿಯೂ ಅಕ್ಕಿಯೆಂದೇ ಹೆಸರು, ಅದರ ನೆಂಟನಾದ ತಮಿಳಿನ ‘ಅರಿಸಿ’ಯಲ್ಲಿಯೂ ತುಳುವಿನ ‘ಅರಿ’ಯಲ್ಲಿಯೂ ಪಕಾರದ ಸುಳಿವೇ ಇಲ್ಲ. ಪಕ್ಕಿಯೂ ಅಕ್ಕಿಯೂ ಹುಟ್ಟಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮಾತುಗಳು. ಪಕಾರವು ಹಕಾರವಾಗಿ, ಹಕಾರವೂ ಸವೆದ ಮೇಲೆ ಎರಡೂ ಒಂದೇ ಬಗೆಯಾಗಿ ಕೇಳಿಸತೊಡಗಿದುವು, ಅಷ್ಟೆ. ಮೈಸೂರು ಕಡೆಯ ಹಳ್ಳಿಗಳಲ್ಲಿ ಬಿಡಿಯಾಗಿಯೂ ಹಕ್ಕಿಗೆ ‘ಅಕ್ಕಿ’ ಎನ್ನುವುದುಂಟು. ಅಲ್ಲಿಯ ರೈತನು ಮರದ ಮೇಲೆ ‘ಅಕ್ಕಿ’ ಕುಳಿತಿದೆಯೆಂದರೆ, ಮರದ ಮೇಲೆ ಅನ್ನ ಬೇಯಿಸುವರೆಂದು ಯಾರೂ ತಿಳಿಯುವುದಿಲ್ಲ.

ಕಿವಿಯೊಂದನ್ನೇ ಪ್ರಮಾಣವೆಂದು ನಂಬಿದರೆ ಆಗುವ ಅನಾಹುತಕ್ಕೆ ಎಲ್ಲೆಯಿಲ್ಲ. ಆ ನ್ಯಾಯದಿಂದ ಸಾಲಗುಂದವು ಸಾಲಗಾರರ ಊರಾಗಬೇಕು. ಹಳೆಯ ಕಾವ್ಯಗಳ ಜಕ್ಕವಕ್ಕಿಯು ಯಕ್ಷರ ಹಕ್ಕಿಯಾಗಬೇಕು. ಯಕ್ಷನಿಗೂ ಕನ್ನಡದಲ್ಲಿ ಜಕ್ಕನೆಂದೇ ಹೆಸರಷ್ಟೆ. ಆದರೆ ಜಕ್ಕವಕ್ಕಿಯು ಚಕ್ರವಾಕವೆಂಬುದನ್ನು ಬಲ್ಲವರೆಲ್ಲರೂ ಬಲ್ಲರು.

ಹೆಸರಿನ ಪೂರ್ವಾರ್ಧವಾದ ‘ಬೆಳ್’ ಎಂಬುದು ಅಚ್ಚಗನ್ನಡದ ಧಾತು. ಬಿಳುಪು, ಹೊಳಪು ಎಂದು ಅದರ ಅರ್ಥ. ತಮಿಳಿನಲ್ಲಿ ಇದು ‘ವೆಳ್’ ಎಂದಿರುವುದು. ಅಲ್ಲಿಯ ವಕಾರವು ಕನ್ನಡದಲ್ಲಿ ಬಕಾರವಾಗುವುದು ರೂಢಿ. ಬೆಳಕು, ಬೆಳಗು, ಬೆಳ್ಳಿ, ಬೆಳುದಿಂಗಳು ಇವೆಲ್ಲವೂ ಈ ಒಂದೇ ಬೇರಿನ ಚಿಗುರುಗಳು. ಶ್ರವಣಬೆಳ್ಗೊಳದ ‘ಬೆಳ್ಗೊಳ’ವು ಬಿಳಿಯ ಕೊಳ, ಕಾವ್ಯಗಳ ‘ಬೆಳ್ಗೊಡೆ’ಯು ಬಿಳಿಯ ಕೊಡೆ. ಇಲ್ಲಿ ಕಕಾರವು ಗಕಾರವಾದಂತೆ, ‘ಬೆಮರ್’ ಎಂಬುದಕ್ಕೆ ‘ಪನಿ’ ಸೇರಿ ‘ಬೆಮರ್ವನಿ’ಯಾಗುವಲ್ಲಿ ಪಕಾರವು ವಕಾರವಾಗುವುದು. ಆ ಕ್ರಮದಲ್ಲಿ ‘ಬೆಳ್’ ಎಂಬುದಕ್ಕೆ ‘ಪಕ್ಕಿ’ ಸೇರಿದರೆ ‘ಬೆಳ್ವಕ್ಕಿ’. ಬೆಳ್ವಕ್ಕಿಯ ವಕಾರವು ಹಿಂದಣ ಳಕಾರದಲ್ಲಿ ಕರಗಿತೆಂದರೂ ಸರಿ, ಪಕ್ಕಿಯು ಹಕ್ಕಿಯಾದ ಮೇಲೆ ನಡುವಣ ಹಕಾರ ಅಳಿಯಿತೆಂದರೂ ಸರಿ. ಎರಡು ದಾರಿಗಳೂ ‘ಬೆಳ್ಳಕ್ಕಿ’ಗೇ ಬಂದು ಸೇರುವುವು. ಎರಡು ದಾರಿಗಳಲ್ಲಿಯೂ ಅಕ್ಕಿಯ ಮೂಟೆ ಎಲ್ಲಿಯೂ ಎದುರಾಗುವುದಿಲ್ಲ.

ಬೆಳೆಯಲ್ಲಿರುವ ಹಕ್ಕಿಯಾದುದರಿಂದ ಬೆಳ್ಳಕ್ಕಿಯೆಂದು ಸಮಾಧಾನ ಹೇಳುವವರೂ ಇಲ್ಲದಿಲ್ಲ. ಇದೂ ನಿಲ್ಲುವುದಿಲ್ಲ. ‘ಬೆಳೆ’ಗೆ ತಮಿಳಿನಲ್ಲಿ ‘ವಿಳೈ’ ಎಂಬ ರೂಪವಿರುವುದು; ಬಿಳುಪಿನ ‘ವೆಳ್’ ಬೇರೆ, ಬೆಳೆಯ ‘ವಿಳೈ’ ಬೇರೆ. ಅದೂ ಅಲ್ಲದೆ ಬೆಳೆಗೆ ಹಕ್ಕಿ ಸೇರಿದರೆ ‘ಬೆಳೆಹಕ್ಕಿ’ಯಾದೀತೇ ಹೊರತು, ಇಲ್ಲದ ಒತ್ತಕ್ಷರವು ಎಲ್ಲಿಂದ ಬರಬೇಕು?

ಇಲ್ಲಿಗೆ ಅಕ್ಕಿಯ ಪಕ್ಷವು ಮುಗಿಯಿತು. ಆದರೆ ಇದೇ ಹೆಸರನ್ನು ಹಿಡಿದು ಎಳೆದಾಡುವ ಇನ್ನೂ ಎರಡು ಪಕ್ಷಗಳಿವೆ. ಕನ್ನಡದಲ್ಲಿ ಒಳ್ಳೆಯದೆಲ್ಲವೂ ಸಂಸ್ಕೃತದಿಂದ ಬಂದುದೆಂಬುದು ಒಂದು ಪಕ್ಷ. ಸಂಸ್ಕೃತದ ಸೋಂಕು ತಗುಲಿದ ಮಾತೆಲ್ಲವೂ ಹೊರಗಿನದೆಂಬುದು ಇನ್ನೊಂದು ಪಕ್ಷ. ಮೊದಲನೆಯವರು ‘ಬಕ’ವೇ ಶುದ್ಧವೆಂದು ಹಳ್ಳಿಯ ಹೆಸರನ್ನು ಕಡೆಗಣಿಸುವರು, ಎರಡನೆಯವರು ಬೆಳ್ಳಕ್ಕಿಯನ್ನು ಅಡಿಯಿಂದ ಮುಡಿಯವರೆಗೆ ಅಚ್ಚಗನ್ನಡವೆಂದು ಮೆರೆಸುವರು. ಬೆಳ್ಳಕ್ಕಿಯು ಇಬ್ಬರನ್ನೂ ಒಪ್ಪುವುದಿಲ್ಲ. ಅದರ ಪೂರ್ವಾರ್ಧವು ಕನ್ನಡ. ಉತ್ತರಾರ್ಧವಾದ ಪಕ್ಕಿಯಾದರೋ ಸಂಸ್ಕೃತದ ‘ಪಕ್ಷಿ’ಯು ಪ್ರಾಕೃತದ ಬಾಯಲ್ಲಿ ಮೆದುವಾಗಿ ಕನ್ನಡಕ್ಕೆ ಇಳಿದು ಬಂದ ತದ್ಭವ. ಅಕ್ಷರವು ಅಕ್ಕರವಾದಂತೆ, ರಾಕ್ಷಸನು ರಕ್ಕಸನಾದಂತೆ, ಲಕ್ಷವು ಲಕ್ಕವಾದಂತೆ ಪಕ್ಷಿಯು ಪಕ್ಕಿಯಾಯಿತು.

ಪ್ರಾಕೃತವೆಂದೊಡನೆ ಅದು ದೂರದ ಮಗಧದ ಮಾತೆಂದು ಸಿಂಧನೂರು ಸೀಮೆಯವರು ತಿಳಿಯಬೇಕಾದುದಿಲ್ಲ. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿಯ ಬಂಡೆಯ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಪ್ರಾಕೃತವು ಬ್ರಾಹ್ಮೀ ಲಿಪಿಯಲ್ಲಿ ಇಂದಿಗೂ ನಿಂತಿದೆ. ೧೯೧೫ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರರ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದಿನ ಸಂಗಡ ಅಶೋಕನ ಹೆಸರೇ ದೊರೆತುದರಿಂದ, ಆ ಬಿರುದಿನ ಅರಸನು ಯಾರೆಂಬ ಪ್ರಶ್ನೆಯು ತೀರಿತೆಂಬುದನ್ನು ಜಗತ್ತೇ ಬಲ್ಲದು. ಕೊಪ್ಪಳದಲ್ಲಿಯೂ ಹೊಳೆಯಾಚೆಯ ನಿಟ್ಟೂರು, ಉದೇಗೊಳಗಳಲ್ಲಿಯೂ ಅದೇ ಅರಸನ ಶಾಸನಗಳಿವೆ. ಅದೇ ಅಶೋಕನು ಉತ್ತರದೇಶದ ತನ್ನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳನ್ನು ಎಣಿಸುವಾಗ ಗಿಳಿ, ಗೊರವಂಕ, ಚಕ್ರವಾಕ, ಹಂಸ ಮೊದಲಾದ ಹಕ್ಕಿಗಳನ್ನು ಜನರಾಡುವ ಪ್ರಾಕೃತದ ಹೆಸರುಗಳಿಂದಲೇ ಕರೆದಿರುವನು. ಚಕ್ರವರ್ತಿಯು ಹಕ್ಕಿಯನ್ನು ಕಾಪಾಡಲು ಹೊರಟಾಗ ಜನರಿಗೆ ತಿಳಿಯುವ ಹೆಸರನ್ನೇ ಆರಿಸಿಕೊಂಡನು. ಈ ವಿವೇಕವು ಈಗಿನವರಿಗೆ ಬೇಡವೆ? ಪಕ್ಕಿಯೆಂಬ ಮಾತು ಮಸ್ಕಿಯ ಬಂಡೆಯಿಂದಲೇ ಇಳಿದು ಬಂದಿತೆಂದು ಯಾರೂ ಹೇಳಬೇಕಾಗಿಲ್ಲ. ಪ್ರಾಕೃತವೂ ಈ ನೆಲದ ಮಾತೂ ಒಂದರ ಮಗ್ಗುಲಲ್ಲಿ ಒಂದು ಬಾಳಿದ ನಾಡು ಇದೆಂದು ತಿಳಿದರೆ ಸಾಕು. ಅಂತಹ ನೆರೆಹೊರೆಯಿಂದಲೇ ಪಕ್ಕಿಯಂತಹ ಮಾತುಗಳು ಮನೆಯ ಮಾತುಗಳಾದುವು.

ಈ ಕೂಡಿಕೆಗೆ ವ್ಯಾಕರಣವೂ ಸಮ್ಮತಿ ಕೊಟ್ಟಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಸ್ಕೃತಪದಕ್ಕೂ ಕನ್ನಡಪದಕ್ಕೂ ಕಂಡಕಂಡಲ್ಲಿ ಸಮಾಸ ಮಾಡುವುದನ್ನು ಅರಿಸಮಾಸವೆಂದು ತಡೆದಿರುವನು. ಆದರೆ ತದ್ಭವಕ್ಕೆ ಆ ತಡೆಯಿಲ್ಲ. ‘ಬೆಳ್’ ಎಂಬುದಕ್ಕೆ ‘ಪಕ್ಷಿ’ಯನ್ನು ಸೇರಿಸಿ ‘ಬೆಳ್ಪಕ್ಷಿ’ ಎಂದರೆ ಎಂತಹ ಕಿವಿಗೂ ಕರ್ಕಶ. ‘ಬೆಳ್ಳಕ್ಕಿ’ ಎಂದರೆ ಹಾಲಿನಲ್ಲಿ ಸಕ್ಕರೆ ಕರಗಿದಂತೆ. ಸೂತ್ರವನ್ನು ಓದದ ರೈತನು ಸೂತ್ರವನ್ನು ಮೀರಲಿಲ್ಲ. ಸೂತ್ರವನ್ನು ಓದಿದವರು ಮಾತ್ರ ಅವನನ್ನು ತಿದ್ದಲು ಹೊರಟಿರುವರು!

ಈಗ ಕಾಲುವೆಯ ವಾದಕ್ಕೆ ಬರಬೇಕು. ತುಂಗಭದ್ರಾ ಅಣೆಕಟ್ಟಿನ ಕೆಲಸವು ೧೯೪೫ರಲ್ಲಿ ಆರಂಭವಾಗಿ, ೧೯೫೩ರಲ್ಲಿ ಕಾಲುವೆಗಳಿಗೆ ನೀರು ಬಂದಿತು. ಎಡದಂಡೆಯ ಕಾಲುವೆಯು ಗಂಗಾವತಿ, ಸಿಂಧನೂರು, ಮಾನ್ವಿಗಳ ಮುಖವನ್ನೇ ಬದಲಾಯಿಸಿತು. ಜೋಳ, ಹತ್ತಿಗಳ ಎರೆಹೊಲಗಳು ಗದ್ದೆಗಳಾದುವು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದುವು. ಇದಾವುದೂ ಸುಳ್ಳಲ್ಲ, ಆ ರೈತರ ದುಡಿಮೆಯನ್ನು ಅಲ್ಲಗಳೆಯುವವರೂ ಇಲ್ಲ. ನೀರು ಹೆಚ್ಚಿದಲ್ಲಿ ಬೆಳ್ಳಕ್ಕಿಗಳಿಗೆ ಮೇವು ಹೆಚ್ಚುವುದೂ ಸಹಜವೇ. ಆದರೆ ಹೆಚ್ಚುವುದು ಬೇರೆ, ಹುಟ್ಟುವುದು ಬೇರೆ. ಬೆಳ್ಳಕ್ಕಿಗಳಲ್ಲಿ ಒಂದು ಬಗೆಯು ದನಗಳ ಕಾಲಬುಡದಲ್ಲಿಯೇ ನಡೆದು, ಅವುಗಳ ಗೊರಸಿಗೆ ಬೆದರಿ ಹಾರುವ ಮಿಡತೆಗಳನ್ನು ಹಿಡಿದು ತಿನ್ನುವುದು. ಪಕ್ಷಿಗ್ರಂಥಗಳಲ್ಲಿ ಅದಕ್ಕೆ ‘ಗೋವಕ್ಕಿ’ಯೆಂದು ಹೆಸರು. ಅದಕ್ಕೆ ಗದ್ದೆಯ ಹಂಗಿಲ್ಲ. ದನ ಮೇಯುವ ಬಯಲಿದ್ದರೆ ಸಾಕು. ಎತ್ತು, ಹಸು, ಎಮ್ಮೆಗಳಿಲ್ಲದ ದಿನ ಈ ಸೀಮೆಯಲ್ಲಿ ಯಾವುದಿತ್ತು? ತುಂಗಭದ್ರೆಯು ಹರಿಯದ ದಿನ ಯಾವುದಿತ್ತು? ಹೊಳೆಯ ದಂಡೆಯಲ್ಲಿ, ಕೆರೆಯ ಅಂಚಿನಲ್ಲಿ, ಹಳ್ಳದ ಮಡುವಿನಲ್ಲಿ ಮೀನಿಗೆ ಕಾದು ನಿಲ್ಲುವ ಬೆಳ್ಳಕ್ಕಿಗೆ ಅಣೆಕಟ್ಟಿನ ಅಪ್ಪಣೆ ಬೇಕಾಗಿತ್ತೆ? ಭತ್ತವನ್ನೇ ಕೇಳುವುದಾದರೂ, ಆನೆಗೊಂದಿ, ಗಂಗಾವತಿಗಳ ಕಡೆ ವಿಜಯನಗರದ ಕಾಲದ ಕಾಲುವೆಗಳ ಕೆಳಗೆ ಅದು ಶತಮಾನಗಳಿಂದ ಬೆಳೆಯುತ್ತಿತ್ತು.

ಹೆಸರಿನ ಹಳಮೆಗೆ ಹೆಸರೇ ಸಾಕ್ಷಿ. ಬೆಳ್ಳಕ್ಕಿಯು ಸಿಂಧನೂರಿನ ಮಾತು ಮಾತ್ರವಲ್ಲ. ಮಲೆನಾಡಿನಲ್ಲಿಯೂ ಬಯಲುಸೀಮೆಯಲ್ಲಿಯೂ ಅದೇ ಹೆಸರು. ಕ್ಯಾಂಪಿನ ತೆಲುಗರ ಸಂಗಡ ಹೆಸರು ಬಂದಿದ್ದರೆ ಅದು ‘ಕೊಂಗ’ವಾಗಿರಬೇಕಾಗಿತ್ತು. ಆ ಮಾತೂ ಹೊರಗಿನದಲ್ಲ. ತೆಲುಗಿನ ಕೊಂಗ, ತಮಿಳಿನ ಕೊಕ್ಕು, ಕನ್ನಡದ ಕೊಕ್ಕರೆ ಇವು ಒಂದೇ ಮನೆತನದವು. ನಿಜಾಮರ ಆಳ್ವಿಕೆಯು ೧೯೪೮ರವರೆಗೆ ಇಲ್ಲಿ ನಡೆದು, ಕಚೇರಿಯ ಮಾತೂ ಶಾಲೆಯ ಮಾತೂ ಉರ್ದುವಾಗಿದ್ದಾಗಲೂ, ‘ಬಗುಲಾ’ ಎಂಬ ಮಾತು ಬೆಳ್ಳಕ್ಕಿಯನ್ನು ಹೊಲದಿಂದ ಓಡಿಸಲಿಲ್ಲ. ಹೊಲಗೇರಿಯಿಂದ ವಾಡೆಯವರೆಗೆ ಎಲ್ಲರ ಬಾಯಲ್ಲಿ ಉಳಿದು ಬಂದ ಹೆಸರನ್ನು ಇಂದು ಓದು ಬಲ್ಲವರೇ ಓಡಿಸುತ್ತಿರುವುದು ಸೋಜಿಗ. ಅವರ ಮಕ್ಕಳು ಹಿಂಡನ್ನು ಕಂಡು ‘ಇಗ್ರೆಟ್’ ಎನ್ನುವರು. ಅದನ್ನು ಕೇಳಿ ತಂದೆತಾಯಿಗಳು ಹಿಗ್ಗುವರು.

ಇಗ್ರೆಟ್ ಎಂಬ ಮಾತಿನಲ್ಲಿ ಏನಿದೆ? ಫ್ರೆಂಚರ ಮಾತಿನಲ್ಲಿ ಚಿಕ್ಕ ಬಕವೆಂದು ಅದರ ಮೂಲಾರ್ಥ. ಮುಂದೆ ಅದೇ ಮೂಲದ ‘ಏಗ್ರೆಟ್’ ಎಂಬುದು ಸೀಮೆಯ ಹೆಂಗಸರ ಟೊಪ್ಪಿಗೆಗೆ ಸಿಕ್ಕಿಸುವ ಗರಿಗೊಂಚಲಿಗೂ ಹೆಸರಾಯಿತು. ಗೂಡುಕಟ್ಟುವ ಕಾಲದಲ್ಲಿ ಮೂಡುವ ಆ ನವುರಾದ ಗರಿಗಳಿಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೋಕದ ಹಲವು ಕಡೆ ಈ ಹಕ್ಕಿಗಳನ್ನು ಹಿಂಡುಹಿಂಡಾಗಿ ಕೊಂದರು. ಹಿಂದೂಸ್ಥಾನದ ಸರಕಾರವು ೧೯೦೨ರಲ್ಲಿ ಗರಿಗಳನ್ನು ಹೊರದೇಶಕ್ಕೆ ಕಳುಹಿಸುವುದನ್ನು ನಿಷೇಧಿಸಬೇಕಾಯಿತು. ಅಲ್ಲಿ ಹಕ್ಕಿಯ ಹೆಸರು ಅಂಗಡಿಯ ಸರಕಿಗೂ ಹೆಸರಾಯಿತು. ಸಂಸ್ಕೃತದ ಬಕವಾದರೋ ಒಂಟಿಕಾಲಿನ ಕಪಟ ತಪಸ್ವಿಯಾಗಿ ‘ಬಕಧ್ಯಾನ’ವೆಂಬ ನಿಂದೆಯನ್ನು ಹೊತ್ತಿತು. ಕನ್ನಡದ ಹಳ್ಳಿಗನು ಮಾತ್ರ ಅದನ್ನು ಮಾರಲೂ ಇಲ್ಲ, ಹಳಿಯಲೂ ಇಲ್ಲ. ಕಂಡುದನ್ನು ಕಂಡಂತೆ ‘ಬಿಳಿಯ ಹಕ್ಕಿ’ ಎಂದನು. ಇದಕ್ಕಿಂತ ನಿರ್ಮಲವಾದ ನಾಮಕರಣವು ಯಾವುದಿದ್ದೀತು?

‘ಶಾಸ್ತ್ರೀಯವಾದ ವಿಂಗಡಣೆಗೆ ಹಳ್ಳಿಯ ಹೆಸರು ಸಾಲದು’ ಎಂಬ ಆಕ್ಷೇಪವೊಂದು ಉಳಿದಿದೆ. ಅದೂ ಪೊಳ್ಳು. ಹಳದಿಯ ಕೊಕ್ಕಿನದು, ಗೂಡುಕಟ್ಟುವ ಕಾಲದಲ್ಲಿ ತಲೆಗೂ ಕೊರಳಿಗೂ ಕಿತ್ತಳೆಯ ಛಾಯೆ ಏರುವುದು ಗೋವಕ್ಕಿ. ಕೊಕ್ಕೂ ಕಾಲೂ ಕಪ್ಪಾಗಿದ್ದು ಬೆರಳುಗಳು ಮಾತ್ರ ಹಳದಿಯಾಗಿರುವುದು ಸಣ್ಣ ಬೆಳ್ಳಕ್ಕಿ. ಇವೆಲ್ಲಕ್ಕೂ ಎತ್ತರವಾಗಿ, ಕೊರಳನ್ನು ಹಾವಿನಂತೆ ಮಡಿಸಿ ನಿಲ್ಲುವುದು ದೊಡ್ಡ ಬೆಳ್ಳಕ್ಕಿ. ಕುಳಿತಾಗ ಕಂದಾಗಿದ್ದು, ಹಾರಿದಾಗ ರೆಕ್ಕೆಯ ಬಿಳುಪನ್ನು ತೋರುವುದು ಬೆಳ್ಳಕ್ಕಿಯೇ ಅಲ್ಲ. ಅದು ಕೊಳದ ಬಕ. ಇಷ್ಟನ್ನು ಕನ್ನಡದಲ್ಲಿ ಹೇಳುವುದಕ್ಕೆ ಯಾವ ಕೊರತೆಯಾಯಿತು? ಕೊರತೆಯಿರುವುದು ಮಾತಿನಲ್ಲಿ ಅಲ್ಲ, ನೋಡುವ ಕಣ್ಣಿನಲ್ಲಿ.

ಆದಕಾರಣ ವಿದ್ಯಾವಂತರು ಮಾಡಬೇಕಾದುದು ಇಷ್ಟು. ಕಿವಿಗೆ ಹೊಳೆದ ವ್ಯುತ್ಪತ್ತಿಯನ್ನು ಮಕ್ಕಳಿಗೆ ಹೇಳಿಕೊಡುವ ಮುನ್ನ ಕಿಟ್ಟೆಲರ ೧೮೯೪ರ ನಿಘಂಟನ್ನೋ, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನೋ ಒಮ್ಮೆ ತೆರೆದು ನೋಡಬೇಕು. ನಿಘಂಟಿನಲ್ಲಿ ಸಿಕ್ಕದ ಹೆಸರುಗಳನ್ನು ಊರೂರಿನ ಕುರಿಗಾರರಿಂದಲೂ ಅಂಬಿಗರಿಂದಲೂ ಅಜ್ಜಿಯರಿಂದಲೂ ಕೇಳಿ, ಹೆಸರನ್ನೂ ಹಕ್ಕಿಯ ಗುರುತನ್ನೂ ಊರಿನ ಹೆಸರನ್ನೂ ಬರೆದಿಡಬ��ಕು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಒಂದೊಂದು ಶಾಲೆಯು ತನ್ನ ಊರಿನ ಇಪ್ಪತ್ತು ಹಕ್ಕಿಗಳ ಹೆಸರನ್ನು ಕೂಡಿಸಿದರೂ, ಯಾವ ದೊಡ್ಡ ವಿದ್ಯಾಲಯವೂ ಕುಳಿತಲ್ಲಿಂದ ಮಾಡಲಾರದ ಕೋಶವೊಂದು ಸಿದ್ಧವಾಗುವುದು. ಬಲ್ಲ ಅಜ್ಜಿಯರು ಹೋದ ಮೇಲೆ ಹೆಸರು ಬರುವುದಿಲ್ಲ. ಗೂಡಿನ ಮರವನ್ನು ಕಡಿದ ಮೇಲೆ ಹಕ್ಕಿಯೂ ಬರುವುದಿಲ್ಲ.

ಕಾಲುವೆಯು ಈ ಸೀಮೆಗೆ ಅನ್ನವನ್ನು ಕೊಟ್ಟಿತು. ಅದಕ್ಕೆ ಎಲ್ಲರೂ ಋಣಿಗಳೇ. ಆದರೆ ಮಾತನ್ನು ಕೊಟ್ಟುದು ಕಾಲುವೆಯಲ್ಲ. ಅದು ಜೋಳದ ರೊಟ್ಟಿಯನ್ನು ಉಂಡು, ಎತ್ತುಗಳನ್ನು ಬಯಲಿಗೆ ಅಟ್ಟಿ, ಅವುಗಳ ನಡುವೆ ಬೆಳ್ಳಗೆ ಇಳಿದುದನ್ನು ತಲೆಯೆತ್ತಿ ನೋಡಿದವರ ಮಾತು. ಅವರ ಸೊತ್ತನ್ನು ಅವರಿಗೇ ಬಿಡುವುದು ನ್ಯಾಯ.